ಪೆರೋಲ್ ಮೇಲೆ ಮನೆಗೆ ಬಂದವರಿಗೆ ಯಾವ ನಿಯಮ, ಯಾರಿಗೆ ಹೊಣೆ?

ಕಳೆದ ತಿಂಗಳು ಒಂದು ಸಂಜೆ ನಮ್ಮ ಬೀದಿಯ ಒಬ್ಬ ಅಮ್ಮ ಮನೆಗೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಕವರ್. ಅದರೊಳಗೆ ನಾಲ್ಕು ಮಡಿಕೆ ಹಾಕಿದ ಒಂದು ಹಾಳೆ. ಪರಪ್ಪನ ಅಗ್ರಹಾರ ಜೈಲಿನಿಂದ ಅವರ ಮಗ 30 ದಿನಗಳ ಪೆರೋಲ್ ಮೇಲೆ ಹಿಂದಿನ ದಿನವಷ್ಟೇ ಬಂದಿದ್ದ. "ಇದನ್ನ ಸ್ವಲ್ಪ ಓದಿ ಹೇಳಪ್ಪಾ, ಬೆಳಿಗ್ಗೆಯಿಂದ ಒಬ್ಬೊಬ್ಬರು ಒಂದೊಂದು ಹೇಳ್ತಿದ್ದಾರೆ" ಎಂದರು.

ಅವರ ಪ್ರಶ್ನೆಗಳು ಸರಳವಾಗಿದ್ದವು. ಮಗ ತುಮಕೂರಿನಲ್ಲಿರುವ ಅಕ್ಕನ ಮನೆಗೆ ಹೋಗಿ ಬರಬಹುದಾ? ನಾಲ್ಕು ದಿನ ಕೂಲಿಗೆ ಹೋದರೆ ತಪ್ಪಾ? ಠಾಣೆಗೆ ಯಾವಾಗ ಹೋಗಬೇಕು? ಒಂದು ದಿನ ತಡವಾದರೆ ಏನಾಗುತ್ತದೆ? ಅದೇ ವಾರ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಬೇರೆ ಪ್ರಶ್ನೆಗಳು ಓಡಾಡುತ್ತಿದ್ದವು. ಶಿಕ್ಷೆ ಆದವನನ್ನು ಹೇಗೆ ಬಿಟ್ಟರು? ದುಡ್ಡು ಕೊಟ್ಟು ಬಂದನಾ? ನಾವು ಏನು ಮಾಡಬೇಕು?

ಕೋರ್ಟ್ ಸುದ್ದಿ ಬರೆಯುವ ಕೆಲಸದಲ್ಲಿ ಇದ್ದವನಾದ್ದರಿಂದ ಇದರ ಬಗ್ಗೆ ಒಂದಿಷ್ಟು ತಿಳಿದಿದೆ. ಆ ಹಾಳೆಯನ್ನು ಅವರ ಜೊತೆ ಕೂತು ಒಂದೊಂದೇ ಸಾಲಾಗಿ ಓದಿದೆವು. ಇಲ್ಲಿರುವುದು ಆ ಓದಿನ ವಿಸ್ತಾರ.

ಪೆರೋಲ್ ಅಂದರೆ ಬಿಡುಗಡೆ ಅಲ್ಲ

ಪೆರೋಲ್ ಅನ್ನುವುದು ಫ್ರೆಂಚ್ ಮೂಲದ ಪದ. ಅದರ ಅರ್ಥ 'ಮಾತು'. ಹಿಂದೆ ಯುದ್ಧದಲ್ಲಿ ಸೆರೆ ಸಿಕ್ಕ ಸೈನಿಕರು "ಮತ್ತೆ ಆಯುಧ ಹಿಡಿಯುವುದಿಲ್ಲ" ಎಂದು ಮಾತು ಕೊಟ್ಟರೆ ಅವರನ್ನು ಬಿಡುವ ಪದ್ಧತಿ ಇತ್ತು. ಅಲ್ಲಿಂದ ಬಂದ ಪದ ಇದು. ಈಗಲೂ ಅದರ ತಿರುಳು ಅಷ್ಟೇ. ಕೈದಿ ಮಾತು ಕೊಟ್ಟು ಹೊರಗೆ ಬರುತ್ತಾನೆ, ಹೇಳಿದ ದಿನಕ್ಕೆ ವಾಪಸ್ ಹೋಗುತ್ತಾನೆ.

ವಸತಿ ಶಾಲೆಯ ಮಗುವನ್ನು ಹಬ್ಬಕ್ಕೆ ಮನೆಗೆ ಕಳಿಸುತ್ತಾರಲ್ಲ, ಹಾಗೆ ಅಂದುಕೊಳ್ಳಿ. ಮಗು ಮನೆಯಲ್ಲಿದ್ದರೂ ಅದರ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲೇ ಇರುತ್ತದೆ. ಯಾರು ಕರೆದುಕೊಂಡು ಹೋದರು, ಯಾವ ವಿಳಾಸಕ್ಕೆ, ಯಾವತ್ತು ಬರಬೇಕು, ಎಲ್ಲ ಬರೆದಿರುತ್ತಾರೆ. ಪೆರೋಲ್ ಮೇಲೆ ಬಂದವರ ಹೆಸರೂ ಹಾಗೇ ಜೈಲಿನ ಪುಸ್ತಕದಲ್ಲೇ ಇರುತ್ತದೆ. ಕೋರ್ಟ್ ಕೊಟ್ಟ ಶಿಕ್ಷೆ ರದ್ದಾಗಿರುವುದಿಲ್ಲ, ಕಡಿಮೆಯೂ ಆಗಿರುವುದಿಲ್ಲ. 2000ದಲ್ಲಿ ಸುನಿಲ್ ಫುಲ್‌ಚಂದ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದ್ದೂ ಇದನ್ನೇ: ಪೆರೋಲ್‌ ಎಂದರೆ ಷರತ್ತಿನ ಮೇಲೆ ಕೊಡುವ ತಾತ್ಕಾಲಿಕ ಅವಕಾಶ. ಹೊರಗಿದ್ದರೂ ಆ ವ್ಯಕ್ತಿ ಕಾನೂನಿನ ಲೆಕ್ಕದಲ್ಲಿ ಬಂಧನದಲ್ಲೇ ಇದ್ದ ಹಾಗೆ.

ಹಾಗಾದರೆ ಹೊರಗೆ ಬಿಡುವುದು ಯಾಕೆ? ಹತ್ತು ವರ್ಷ, ಹದಿನೈದು ವರ್ಷ ಒಳಗಿದ್ದವರು ಒಂದು ದಿನ ಹೊರಗೆ ಬರಲೇಬೇಕು. ಅಷ್ಟರಲ್ಲಿ ಮನೆಯವರ ಮುಖವೇ ಮರೆತುಹೋಗಿದ್ದರೆ, ಊರಿನ ನಂಟೇ ಕಡಿದುಹೋಗಿದ್ದರೆ, ಅವರು ಹೋಗುವುದೆಲ್ಲಿಗೆ? ಅಪ್ಪ ತೀರಿಕೊಂಡಾಗ, ಹೆಂಡತಿಗೆ ಆಪರೇಷನ್ ಆದಾಗ, ಬಿತ್ತನೆ ಮಾಡುವವರು ಯಾರೂ ಇಲ್ಲದಾಗ ಮನೆಗೆ ಆ ಮನುಷ್ಯ ಬೇಕಾಗುತ್ತಾನೆ. ಶಿಕ್ಷೆ ಆದದ್ದು ಒಬ್ಬನಿಗೆ. ಆದರೆ ಅದರ ಭಾರ ಮನೆಯವರೆಲ್ಲರ ಮೇಲೆ ಬೀಳುತ್ತದೆ. ಆ ಭಾರವನ್ನು ಒಂದಿಷ್ಟು ಇಳಿಸುವುದು ಪೆರೋಲ್‌ನ ಉದ್ದೇಶ. 2017ರಲ್ಲಿ ಅಸ್ಫಾಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಾರಣಗಳನ್ನು ವಿವರವಾಗಿ ಹೇಳಿದೆ. ಸಮಾಜಕ್ಕೆ ಅಪಾಯ ಆಗದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ ಎಂದೂ ಸೇರಿಸಿದೆ.

ಜಾಮೀನಿಗೂ ಇದಕ್ಕೂ ಏನು ವ್ಯತ್ಯಾಸ?

ಜಾಸ್ತಿ ಗೊಂದಲ ಆಗುವುದು ಇಲ್ಲೇ. ಕೇಸು ಇನ್ನೂ ನಡೆಯುತ್ತಿದೆ, ತಪ್ಪು ಸಾಬೀತಾಗಿಲ್ಲ, ಆದರೂ ಜೈಲಿನಲ್ಲಿದ್ದಾರೆ ಅಂದರೆ ಅವರು ವಿಚಾರಣಾಧೀನ ಕೈದಿ. ಅವರು ಹೊರಗೆ ಬರುವುದು ಜಾಮೀನಿನ ಮೇಲೆ, ಅದನ್ನು ಕೊಡುವುದು ಕೋರ್ಟ್. ತೀರ್ಪು ಬಂದು ಶಿಕ್ಷೆ ಆದಮೇಲೆ ಅವರು ಸಜಾ ಕೈದಿ. ಪೆರೋಲ್ ಇರುವುದು ಸಜಾ ಕೈದಿಗಳಿಗೆ, ಅದನ್ನು ಕೊಡುವುದು ಜೈಲು ಇಲಾಖೆ. 2024ರ ಅಕ್ಟೋಬರ್‌ನಲ್ಲಿ ನಟ ದರ್ಶನ್ ಅವರಿಗೆ ಹೈಕೋರ್ಟ್ ಚಿಕಿತ್ಸೆಗಾಗಿ ಆರು ವಾರ ಹೊರಗಿರಲು ಅವಕಾಶ ಕೊಟ್ಟಾಗ ಎಷ್ಟೋ ಜನ ಅದನ್ನೂ ಪೆರೋಲ್ ಅಂದರು. ಅದು ಮಧ್ಯಂತರ ಜಾಮೀನು. ಆಗ ಅವರು ವಿಚಾರಣಾಧೀನ ಕೈದಿ.

ಪ್ರೊಬೇಷನ್ ಇನ್ನೊಂದು. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ ಕೆಳಗೆ, ತಪ್ಪು ಸಾಬೀತಾದರೂ ಕೋರ್ಟ್ ಜೈಲಿಗೆ ಕಳಿಸದೆ, ಒಳ್ಳೆಯ ನಡತೆಯ ಬಾಂಡ್ ಬರೆಸಿಕೊಂಡು ಬಿಡಬಹುದು. ಫರ್ಲೋ ಅಂತ ಮತ್ತೊಂದಿದೆ. ಮಹಾರಾಷ್ಟ್ರ, ದೆಹಲಿಯ ಸುದ್ದಿಗಳಲ್ಲಿ ಇದನ್ನು ಕೇಳಿರುತ್ತೀರಿ. ದೀರ್ಘ ಶಿಕ್ಷೆಯವರಿಗೆ ಒಳ್ಳೆಯ ನಡತೆಗಾಗಿ ಕೊಡುವ ರಜೆ ಅದು. ಅದಕ್ಕೆ ವಿಶೇಷ ಕಾರಣ ಬೇಕಿಲ್ಲ. ಪೆರೋಲ್‌ಗೆ ಕಾರಣ ಬೇಕು.

ಇಂಗ್ಲಿಷ್ ಸಿನಿಮಾಗಳಲ್ಲಿ ಕಾಣುವ ಪೆರೋಲ್ ನಮ್ಮದಲ್ಲ. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಪೆರೋಲ್ ಅಂದರೆ ಶಿಕ್ಷೆ ಮುಗಿಯುವ ಮೊದಲೇ ಬಿಟ್ಟು, ಉಳಿದ ಅವಧಿಯನ್ನು ಹೊರಗೆ ನಿಗಾದಲ್ಲಿ ಕಳೆಯಲು ಬಿಡುವುದು. ಅದು ವರ್ಷಗಟ್ಟಲೆ ಇರಬಹುದು. ಒಬ್ಬ ಪೆರೋಲ್ ಆಫೀಸರ್ ಮನೆಗೇ ಬಂದು ನೋಡುತ್ತಾರೆ, ಮಾದಕ ವಸ್ತು ಸೇವನೆಯ ಪರೀಕ್ಷೆ ಮಾಡಿಸುತ್ತಾರೆ, ಅನುಮತಿ ಇಲ್ಲದೆ ರಾಜ್ಯ ಬಿಡುವ ಹಾಗಿಲ್ಲ. ನಮ್ಮಲ್ಲಿ ಅದಕ್ಕೆ ಹತ್ತಿರವಾದದ್ದು ಸನ್ನಡತೆಯ ಆಧಾರದ ಅವಧಿಪೂರ್ವ ಬಿಡುಗಡೆ. ನಮ್ಮ ಪೆರೋಲ್ ದಿನಗಳ ಲೆಕ್ಕದ್ದು, ಕೊನೆಗೆ ಮತ್ತೆ ಜೈಲಿನ ಗೇಟಿಗೇ ಬಂದು ನಿಲ್ಲುತ್ತದೆ.

ಅರ್ಜಿ ಹಾಕಿದ ಮೇಲೆ ಏನಾಗುತ್ತದೆ?

ಜೈಲು ರಾಜ್ಯದ ವಿಷಯ. ಹಾಗಾಗಿ ಪೆರೋಲ್ ನಿಯಮ ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ಕರ್ನಾಟಕದಲ್ಲಿ 1963ರ ಕಾರಾಗೃಹಗಳ ಕಾಯ್ದೆ, 1974ರ ನಿಯಮಗಳು ಮತ್ತು 2021ರ ಕೈಪಿಡಿಯ ಮೇಲೆ ಇದು ನಡೆಯುತ್ತದೆ.

ಅರ್ಜಿ ಜೈಲು ಅಧೀಕ್ಷಕರಿಗೆ ಹೋಗುತ್ತದೆ. ಕಾರಣ ಬರೆಯಬೇಕು, ಅದಕ್ಕೆ ದಾಖಲೆ ಇಡಬೇಕು. ತಾಯಿಗೆ ಹುಷಾರಿಲ್ಲ ಅಂದರೆ ಆಸ್ಪತ್ರೆಯ ಚೀಟಿ, ಜಮೀನು ಕೆಲಸ ಅಂದರೆ ಪಹಣಿ, ಮದುವೆ ಅಂದರೆ ಲಗ್ನಪತ್ರಿಕೆ. ಆಮೇಲೆ ಅರ್ಜಿಯಲ್ಲಿ ಬರೆದ ವಿಳಾಸದ ಪೊಲೀಸರಿಂದ ವರದಿ ತರಿಸುತ್ತಾರೆ. ಪೊಲೀಸರು ಮನೆಗೆ ಬಂದು ವಿಚಾರಿಸುತ್ತಾರೆ. ಆ ಮನೆ ನಿಜಕ್ಕೂ ಇದೆಯಾ, ಮನೆಯವರು ಇಟ್ಟುಕೊಳ್ಳಲು ತಯಾರಿದ್ದಾರಾ, ದೂರು ಕೊಟ್ಟವರ ಮನೆ ಪಕ್ಕದಲ್ಲೇ ಇದೆಯಾ, ಗಲಾಟೆ ಆಗಬಹುದಾ, ಇವೆಲ್ಲ ಆ ವರದಿಗೆ ಸೇರುತ್ತವೆ.

ಬೆಂಗಳೂರಿನಲ್ಲಿ ಬಾಡಿಗೆ ಮನೆಯವರು ಸಿಕ್ಕಿಹಾಕಿಕೊಳ್ಳುವುದು ಈ ಹಂತದಲ್ಲಿ. ಪೊಲೀಸರು ಬಂದು ಹೋದರೆ ಸಾಕು, ಮನೆ ಓನರ್ ಗಾಬರಿಯಾಗುತ್ತಾರೆ. ಆ ಅಮ್ಮ ಮೊದಲೇ ಹೋಗಿ ಓನರ್ ಹತ್ತಿರ ಇದ್ದದ್ದು ಇದ್ದ ಹಾಗೆ ಹೇಳಿದ್ದರು. ಅದು ಕಷ್ಟದ ಕೆಲಸ, ಆದರೆ ಒಳ್ಳೆಯ ಕೆಲಸ. ಪೊಲೀಸರಿಂದಲೇ ಮೊದಲು ಗೊತ್ತಾದರೆ ಓನರ್ "ಇವರು ಇಲ್ಲಿರೋದು ಬೇಡ" ಎಂದುಬಿಡಬಹುದು. ಇರಲು ಜಾಗ ಗಟ್ಟಿ ಇಲ್ಲದಿದ್ದರೆ ಅರ್ಜಿ ಮುಂದೆ ಹೋಗುವುದು ಕಷ್ಟ.

ಪರಪ್ಪನ ಅಗ್ರಹಾರದಲ್ಲಿದ್ದ ವಿ.ಕೆ. ಶಶಿಕಲಾ ಅವರ ಉದಾಹರಣೆ ಹಲವರಿಗೆ ನೆನಪಿರಬಹುದು. 2017ರ ಅಕ್ಟೋಬರ್‌ನಲ್ಲಿ, ಆಸ್ಪತ್ರೆಯಲ್ಲಿದ್ದ ಗಂಡನನ್ನು ನೋಡಲು ಅವರು ಕೇಳಿದ್ದು 15 ದಿನ. ಚೆನ್ನೈ ಪೊಲೀಸರ ಒಪ್ಪಿಗೆ ಬಂದಮೇಲೆ ಸಿಕ್ಕಿದ್ದು 5 ದಿನ. ಹೇಳಿದ ಮನೆಯಲ್ಲೇ ಇರಬೇಕು, ರಾಜಕೀಯ ಚಟುವಟಿಕೆ ಮಾಡಬಾರದು, ಮಾಧ್ಯಮದವರ ಜೊತೆ ಮಾತಾಡಬಾರದು ಎಂಬ ಷರತ್ತುಗಳಿದ್ದವು. ಎಷ್ಟೇ ದೊಡ್ಡ ಹೆಸರಾದರೂ ಹಾದಿ ಇದೇ: ಕಾರಣ, ದಾಖಲೆ, ಪೊಲೀಸ್ ವರದಿ, ಷರತ್ತು.

ಪೆರೋಲ್ ಒಂದು ಹಕ್ಕಲ್ಲ, ರಿಯಾಯಿತಿ. ಹಾಗಂತ ಸುಮ್ನೆ 'ಇಲ್ಲ' ಅನ್ನುವಂತಿಲ್ಲ, ಕಾರಣ ಕೊಡಬೇಕು. ಅರ್ಜಿ ತಿರಸ್ಕಾರವಾದರೆ ಸಂವಿಧಾನದ 226ನೇ ವಿಧಿಯ ಕೆಳಗೆ ಹೈಕೋರ್ಟ್‌ಗೆ ಹೋಗಬಹುದು. ಹೈಕೋರ್ಟ್ ಈಚಿನ ವರ್ಷಗಳಲ್ಲಿ ಬಗೆಬಗೆಯ ಕಾರಣಗಳನ್ನು ಒಪ್ಪಿದೆ. 2023ರಲ್ಲಿ ಒಬ್ಬ ಸಜಾ ಕೈದಿಗೆ ಮದುವೆಯಾಗಲು 15 ದಿನ. 2024ರಲ್ಲಿ ಮಗು ಬೇಕು ಎಂದು ಕೈದಿಯ ಹೆಂಡತಿ ಕೇಳಿಕೊಂಡಾಗ 30 ದಿನ. ಅದೇ 2024ರಲ್ಲಿ, ಹನ್ನೊಂದು ವರ್ಷ ಒಳಗಿದ್ದ ಒಬ್ಬರಿಗೆ ಜಮೀನು ಕೆಲಸ ನೋಡಿಕೊಳ್ಳಲು 90 ದಿನ.

ವಕೀಲರಿಗೆ ಕೊಡಲು ದುಡ್ಡಿಲ್ಲದವರು 15100ಕ್ಕೆ ಫೋನ್ ಮಾಡಬಹುದು. ಅದು ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ. ಬಂಧನದಲ್ಲಿರುವವರಿಗೆ ಉಚಿತ ಕಾನೂನು ನೆರವು 1987ರ ಕಾಯ್ದೆಯಲ್ಲೇ ಇರುವ ಹಕ್ಕು, ಆದಾಯ ಎಷ್ಟೇ ಇರಲಿ.

ಆ ಹಾಳೆಯಲ್ಲಿ ಏನೇನಿತ್ತು?

ಈಗ ಆ ಅಮ್ಮ ತಂದ ಹಾಳೆಗೆ ಬರೋಣ. ಪೆರೋಲ್ ಮೇಲೆ ಬಂದವರಿಗೆ ಈ ಹಾಳೆಗಿಂತ ದೊಡ್ಡ ನಿಯಮ ಬೇರೆ ಇಲ್ಲ. ಬೀದಿಯವರು ಹೇಳಿದ್ದು, ಜೊತೆ ಕೈದಿ ಹೇಳಿದ್ದು, ಯೂಟ್ಯೂಬ್‌ನಲ್ಲಿ ನೋಡಿದ್ದು ಯಾವುದೂ ಲೆಕ್ಕಕ್ಕೆ ಬರಲ್ಲ. ಒಬ್ಬರ ಷರತ್ತು ಇನ್ನೊಬ್ಬರಿಗೆ ಇರುವುದಿಲ್ಲ.

ಮೊದಲನೆಯದು ವಿಳಾಸ. ಹಾಳೆಯಲ್ಲಿ ಬರೆದ ಮನೆಯಲ್ಲೇ ಇರಬೇಕು. ರಾತ್ರಿ ಮಲಗುವುದು ಅಲ್ಲೇ. ಬೀಟ್ ಪೊಲೀಸರು ಯಾವಾಗ ಬೇಕಾದರೂ ಬಂದು "ಇದ್ದಾನಾ?" ಎಂದು ಕೇಳಬಹುದು. ಕೇಳಿದಾಗ ಮನೆಯಲ್ಲಿ ಇಲ್ಲದಿದ್ದರೆ, ಎಲ್ಲಿಗೆ ಹೋಗಿದ್ದಾನೆ, ಎಷ್ಟೊತ್ತಿಗೆ ಬರುತ್ತಾನೆ ಎಂದು ಮನೆಯವರು ಹೇಳುವಂತಿರಬೇಕು. ಮನೆ ಬದಲಾಯಿಸಲೇಬೇಕಾಗಿ ಬಂದರೆ, ಬದಲಾಯಿಸುವ ಮೊದಲು ಜೈಲಿಗೆ, ಠಾಣೆಗೆ ಬರೆದು ಅನುಮತಿ ತೆಗೆದುಕೊಳ್ಳಬೇಕು. ಬದಲಾಯಿಸಿ ಆಮೇಲೆ ಹೇಳಿದರೆ ಅದು ಷರತ್ತು ಮುರಿದ ಹಾಗೆ.

ಎರಡನೆಯದು ಠಾಣೆ. ಈ ಹುಡುಗನಿಗೆ ಪ್ರತಿ ಸೋಮವಾರ ಬೆಳಿಗ್ಗೆ ಹೋಗಿ ಸಹಿ ಹಾಕಬೇಕು ಎಂದಿತ್ತು. ಕೆಲವರಿಗೆ ವಾರಕ್ಕೆ ಎರಡು ಸಲ ಇರಬಹುದು, ಇನ್ನು ಕೆಲವರಿಗೆ ದಿನಾಲೂ ಇರಬಹುದು. ಮೊದಲ ಸೋಮವಾರ ಅವನ ಜೊತೆ ಅವನ ಅಣ್ಣ ಹೋಗಿದ್ದ. ಠಾಣೆಯಲ್ಲಿ ಬರವಣಿಗೆ ಕೆಲಸ ನೋಡುವ ಪೊಲೀಸರ ಮೇಜಿನ ಮೇಲೆ ಉದ್ದನೆಯ ರಿಜಿಸ್ಟರ್. ಹೆಸರು, ಕೈದಿ ನಂಬರು, ಪೆರೋಲ್ ಮುಗಿಯುವ ದಿನ, ಸಹಿ. ಕೆಲಸ ಎರಡು ನಿಮಿಷದ್ದು, ಕಾದದ್ದು ಒಂದೂವರೆ ಗಂಟೆ. ಅಣ್ಣ ಒಂದು ಜಾಣ ಕೆಲಸ ಮಾಡಿದ. ಆದೇಶದ ಜೆರಾಕ್ಸ್ ಹಿಂದೆಯೇ ತಾರೀಖು ಬರೆದು, ಬಂದು ಹೋಗಿದ್ದಕ್ಕೆ ಠಾಣೆಯ ಸೀಲು ಹಾಕಿಸಿಕೊಂಡ. ಎಲ್ಲ ಠಾಣೆಯಲ್ಲೂ ಹಾಕಿಕೊಡುತ್ತಾರೆ ಅಂತೇನಿಲ್ಲ. ಕೇಳುವುದರಲ್ಲಿ ತಪ್ಪಿಲ್ಲ. ನಾಳೆ ಯಾರಾದರೂ "ಆ ವಾರ ನೀನು ಬಂದೇ ಇಲ್ಲ" ಎಂದರೆ ತೋರಿಸಲು ಒಂದು ಕಾಗದ ಇರುತ್ತದೆ.

ಮೂರನೆಯದು ಓಡಾಟ. ತುಮಕೂರಿನ ಪ್ರಶ್ನೆಗೆ ಉತ್ತರ ಇಲ್ಲಿತ್ತು. ಬೆಂಗಳೂರು ನಗರದ ಎಲ್ಲೆ ದಾಟಬಾರದು ಎಂದು ಅವನ ಹಾಳೆಯಲ್ಲಿ ಸ್ಪಷ್ಟವಾಗಿತ್ತು. ತುಮಕೂರು ಎಪ್ಪತ್ತು ಕಿಲೋಮೀಟರ್, ಬೆಳಿಗ್ಗೆ ಹೋಗಿ ಸಂಜೆ ಬರಬಹುದು ಅನ್ನುವುದು ನಮಗೆ ಸರಿಯಾದ ಲೆಕ್ಕ, ಕಾನೂನಿಗಲ್ಲ. ಅದು ಬೇರೆ ಜಿಲ್ಲೆ. ಕೊನೆಗೆ ಅಕ್ಕನೇ ಮಕ್ಕಳನ್ನು ಕರೆದುಕೊಂಡು ಇಲ್ಲಿಗೆ ಬಂದಳು.

ನಾಲ್ಕನೆಯದನ್ನು ಓದುವಾಗ ಆ ಅಮ್ಮ ಸುಮ್ಮನಾದರು. ದೂರು ಕೊಟ್ಟವರು, ಸಾಕ್ಷಿ ಹೇಳಿದವರು, ಅವರ ಮನೆಯವರು, ಇವರಲ್ಲಿ ಯಾರ ಹತ್ತಿರಕ್ಕೂ ಹೋಗಬಾರದು. ಫೋನ್ ಮಾಡಬಾರದು. ಬೇರೆಯವರ ಕೈಲಿ ಮಾತು ಕಳಿಸಬಾರದು. ಕ್ಷಮೆ ಕೇಳಬೇಕು ಅನ್ನಿಸಿದರೂ ಹೋಗುವಂತಿಲ್ಲ. ಕೇಳುವವನ ಮನಸ್ಸು ಒಳ್ಳೆಯದೇ ಇರಬಹುದು. ಬಾಗಿಲು ತೆಗೆದವರಿಗೆ ಅದು ಗೊತ್ತಾಗುವುದು ಹೇಗೆ? ಅವರಿಗೆ ಕಾಣುವುದು ತಮ್ಮ ಮನೆಯವರಿಗೆ ಕೇಡು ಮಾಡಿದ ಮುಖ. ಈ ಷರತ್ತು ಅವರ ನೆಮ್ಮದಿಗಾಗಿ ಇರುವುದು. ನನ್ನ ಮಟ್ಟಿಗೆ ಇಡೀ ಹಾಳೆಯಲ್ಲಿ ಅತಿ ಮುಖ್ಯವಾದ ಸಾಲು ಇದೇ.

ಐದನೆಯದು ನಡತೆ. ಬೇರೆ ಯಾವ ಅಪರಾಧಕ್ಕೂ ಕೈ ಹಾಕಬಾರದು. ಹೈಕೋರ್ಟ್ ಪೆರೋಲ್ ಕೊಡಲು ಹೇಳುವ ಆದೇಶಗಳಲ್ಲೂ ಎರಡು ಮಾತು ಪದೇ ಪದೇ ಬರುತ್ತವೆ: ಕೈದಿ ವಾಪಸ್ ಬರುವಂತೆ ನೋಡಿಕೊಳ್ಳಲು, ಹೊರಗಿದ್ದಾಗ ಇನ್ನೊಂದು ಅಪರಾಧ ಮಾಡದಂತೆ ತಡೆಯಲು ಜೈಲಿನವರು ಬಿಗಿ ಷರತ್ತು ಹಾಕಬೇಕು. ಕುಡಿದು ಬೀದಿಯಲ್ಲಿ ಕೂಗಾಡಿದರೂ, ಗಾಡಿ ತಾಗಿಸಿ ಕೈ ಮಿಲಾಯಿಸಿದರೂ ಬೇರೆಯವರಿಗೆ ಆಗುವುದಕ್ಕಿಂತ ಜಾಸ್ತಿ ತೊಂದರೆ ಪೆರೋಲ್‌ನಲ್ಲಿದ್ದವರಿಗೆ ಆಗುತ್ತದೆ. ಠಾಣೆಯಿಂದ ಜೈಲಿಗೆ ಒಂದು ವರದಿ ಹೋದರೆ ಪೆರೋಲ್ ಅಲ್ಲಿಗೇ ರದ್ದಾಗಬಹುದು. ಹಳೆಯ ಸ್ನೇಹಿತರು "ಬಾ ಮಗಾ, ಪಾರ್ಟಿ ಮಾಡೋಣ" ಎಂದು ಬಾಗಿಲಿಗೆ ಬರುತ್ತಾರೆ. ಬರಬೇಡಿ ಅನ್ನುವ ಕೆಲಸ ಮನೆಯವರೇ ಮಾಡಬೇಕಾಗುತ್ತದೆ.

ಕೂಲಿಗೆ ಹೋಗಬಹುದಾ ಎಂಬ ಪ್ರಶ್ನೆ ಉಳಿಯಿತು. ಅವನ ಹಾಳೆಯಲ್ಲಿ ಬೇಡ ಎಂದಿರಲಿಲ್ಲ. ಜಮೀನು ಕೆಲಸಕ್ಕೆಂದೇ ಪೆರೋಲ್ ಕೊಟ್ಟ ಉದಾಹರಣೆ ಇರುವಾಗ ದುಡಿಯುವುದೇ ತಪ್ಪು ಅನ್ನಲಾಗದು. ಆದರೆ ಯಾವ ಕಾರಣ ಹೇಳಿ ಬಂದಿದ್ದಾರೋ ಅದನ್ನು ಬಿಟ್ಟು ಇನ್ನೇನೋ ಮಾಡುತ್ತಿದ್ದರೆ ಪ್ರಶ್ನೆ ಬರುತ್ತದೆ. ಈ ಹುಡುಗ ಬಂದಿದ್ದು ಅಪ್ಪನ ಚಿಕಿತ್ಸೆಗೆ. ಠಾಣೆಯಲ್ಲಿ ಕೇಳಿ, ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ದಿನ ಬಿಟ್ಟು ಉಳಿದ ದಿನ ಪಕ್ಕದ ರಸ್ತೆಯ ಕಟ್ಟಡ ಕೆಲಸಕ್ಕೆ ಹೋದ.

ಇನ್ನು ತೀರಾ ತುರ್ತಾಗಿ, ಸಾವು ಅಥವಾ ಗಂಭೀರ ಕಾಯಿಲೆಗೆ ಬಿಡುವಾಗ, ಕೆಲವರನ್ನು ಪೊಲೀಸ್ ಬೆಂಗಾವಲಿನಲ್ಲೇ ಕರೆತಂದು ವಾಪಸ್ ಕರೆದೊಯ್ಯುತ್ತಾರೆ. ಆಗ ಈ ಓಡಾಟದ ಪ್ರಶ್ನೆಗಳೇ ಇರುವುದಿಲ್ಲ. ಕಾಲಿಗೆ ಜಿಪಿಎಸ್ ಪಟ್ಟಿ ಹಾಕುವ ವಿಷಯವನ್ನೂ ಬೀದಿಯಲ್ಲಿ ಒಬ್ಬರು ಕೇಳಿದರು. ಕೇಂದ್ರ ಗೃಹ ಇಲಾಖೆ 2023ರಲ್ಲಿ ತಂದ ಮಾದರಿ ಕಾರಾಗೃಹ ಕಾಯ್ದೆಯಲ್ಲಿ, ಅಂಥ ಸಾಧನ ಹಾಕಿಕೊಳ್ಳಲು ಒಪ್ಪುವ ಕೈದಿಗೆ ರಜೆ ಕೊಡಬಹುದು ಎಂಬ ಮಾತಿದೆ. ಅದು ಮಾದರಿ ಮಾತ್ರ, ಒಪ್ಪುವುದು ಬಿಡುವುದು ರಾಜ್ಯಗಳ ಕೈಯಲ್ಲಿದೆ. ಜಾಮೀನಿನ ವಿಷಯದಲ್ಲಿ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಒಂದು ಗೆರೆ ಎಳೆದಿದೆ. ಆರೋಪಿಯ ಓಡಾಟವನ್ನು ಸದಾ ನೋಡುತ್ತಿರಲು ಗೂಗಲ್ ಮ್ಯಾಪ್‌ ಪಿನ್ ಹಂಚಿಕೊಳ್ಳಬೇಕು ಎಂಬ ಷರತ್ತು ಖಾಸಗಿತನಕ್ಕೆ ಧಕ್ಕೆ ಎಂದು ಹೇಳಿದೆ. ಅಲ್ಲಿದ್ದವರು ಆರೋಪಿ, ಇಲ್ಲಿರುವವರು ಶಿಕ್ಷೆ ಆದವರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು.

ಶ್ಯೂರಿಟಿ ಹಾಕಿದವರ ಹೊಣೆ

ಪೆರೋಲ್‌ಗೆ ಬಾಂಡ್ ಬರೆಸಿಕೊಳ್ಳುತ್ತಾರೆ, ಜಾಮೀನುದಾರರನ್ನು ಕೇಳುತ್ತಾರೆ. ನಮ್ಮ ಮಾತಿನಲ್ಲಿ ಶ್ಯೂರಿಟಿ. "ಇವನು ಹೇಳಿದ ದಿನ ವಾಪಸ್ ಬರುತ್ತಾನೆ, ಬರದಿದ್ದರೆ ಇಷ್ಟು ದುಡ್ಡು ನಾನು ಕಟ್ಟುತ್ತೇನೆ" ಎಂದು ಬರೆದುಕೊಡುವುದು ಅದು. ಚೀಟಿ ಹಾಕುವಾಗ, ಸಾಲಕ್ಕೆ ನಿಲ್ಲುವಾಗ ಮಾಡುವ ಸಹಿಯ ಹಾಗೇ. ಕೈದಿ ಬರದಿದ್ದರೆ ಬಾಂಡಿನ ಹಣ ಮುಟ್ಟುಗೋಲಾಗುತ್ತದೆ.

ಸಹಿ ಮಾಡಿ ಮನೆಗೆ ಹೋಗಿ ಮರೆತುಬಿಡುವವರೇ ಜಾಸ್ತಿ. ಶ್ಯೂರಿಟಿ ನಿಂತವರ ಹತ್ತಿರವೂ ಆದೇಶದ ಒಂದು ಪ್ರತಿ ಇರಬೇಕು. ವಾಪಸ್ ಹೋಗುವ ತಾರೀಖು ಅವರಿಗೂ ಬಾಯಿಪಾಠ ಇರಬೇಕು. ಈ ಹುಡುಗನಿಗೆ ನಿಂತಿದ್ದು ಅವನ ಸೋದರಮಾವ. ಕೊನೆಯ ವಾರ ದಿನಾ ರಾತ್ರಿ ಫೋನ್ ಮಾಡಿ "ಎಷ್ಟು ದಿನ ಉಳೀತು?" ಎಂದು ಕೇಳುತ್ತಿದ್ದರು. ಮನೆಯವರಿಗೆ ಅದು ಕಿರಿಕಿರಿ ಅನ್ನಿಸಿತ್ತು. ಅವರು ಮಾಡಿದ್ದು ಸರಿ.

ಈ ದಿನಗಳು ಶಿಕ್ಷೆಯಲ್ಲಿ ಸೇರುತ್ತವಾ?

ಇದು ತುಂಬಾ ಜನ ತಪ್ಪಾಗಿ ತಿಳಿದಿರುವ ವಿಷಯ. ಜೀವಾವಧಿ ಅಂದರೆ 14 ವರ್ಷ ಎಂದು ನಾವು ಮಾತಾಡುತ್ತೇವೆ. ಕಾನೂನಿನಲ್ಲಿ ಜೀವಾವಧಿ ಅಂದರೆ ಬದುಕಿರುವ ತನಕ. 14 ವರ್ಷ ಅನ್ನುವುದು ಬೇರೆ ಲೆಕ್ಕ. ಮರಣದಂಡನೆಗೂ ಅವಕಾಶ ಇರುವಂಥ ಅಪರಾಧಕ್ಕೆ ಜೀವಾವಧಿ ಆಗಿದ್ದರೆ, ಕನಿಷ್ಠ 14 ವರ್ಷ ಜೈಲಿನಲ್ಲಿ ಕಳೆಯದೆ ಸರ್ಕಾರ ಅವಧಿಪೂರ್ವವಾಗಿ ಬಿಡುವಂತಿಲ್ಲ.

ಆ 14 ವರ್ಷದೊಳಗೆ ಪೆರೋಲ್ ದಿನಗಳು ಸೇರುತ್ತವಾ? ಗೋವಾದ ರೋಹನ್ ಧುಂಗಟ್ ಪ್ರಕರಣದಲ್ಲಿ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ 'ಸೇರುವುದಿಲ್ಲ' ಎಂದಿತು. ನಿಜವಾಗಿ ಒಳಗೆ ಕಳೆದ ದಿನಗಳನ್ನಷ್ಟೇ ಎಣಿಸಬೇಕು, ಇಲ್ಲದಿದ್ದರೆ ಪ್ರಭಾವ ಇರುವವರು ಮತ್ತೆ ಮತ್ತೆ ಪೆರೋಲ್ ಪಡೆದು ಲೆಕ್ಕ ಮುಗಿಸಿಬಿಡಬಹುದು ಅನ್ನುವುದು ಅದರ ಕಾರಣ.

ಸಂಬಳ ಇಲ್ಲದ ರಜೆಗೆ ಇದನ್ನು ಹೋಲಿಸಬಹುದು. ರಜೆ ಸಿಗುತ್ತದೆ, ಕೆಲಸ ಹೋಗುವುದಿಲ್ಲ, ಆದರೆ ಆ ದಿನಗಳ ಸಂಬಳ ಬರುವುದಿಲ್ಲ. ಹತ್ತು ವರ್ಷದಲ್ಲಿ ವರ್ಷಕ್ಕೆ 30 ದಿನದಂತೆ ಪೆರೋಲ್ ತೆಗೆದುಕೊಂಡವರಿಗೆ 300 ದಿನ ಆಯಿತು. ಅವರ 14 ವರ್ಷದ ಲೆಕ್ಕ ಅಷ್ಟು ದಿನ ಮುಂದಕ್ಕೆ ಹೋಗುತ್ತದೆ. ಮನೆಯವರು ಇದನ್ನು ಮೊದಲೇ ತಿಳಿದುಕೊಂಡಿದ್ದರೆ, ಬಿಡುಗಡೆಯ ವರ್ಷ ಎಣಿಸುವಾಗ ಆಸೆಪಟ್ಟು ನಿರಾಶರಾಗುವುದು ತಪ್ಪುತ್ತದೆ.

ಹೇಳಿದ ದಿನಕ್ಕೆ ಹೋಗದಿದ್ದರೆ?

ಒಂದು ದಿನವೂ ಸಣ್ಣದಲ್ಲ. ತಾರೀಖು ದಾಟಿದ ಮೇಲೆ ಹೊರಗಿರುವವರು 'ಪೆರೋಲ್ ಮೇಲೆ ಬಂದವರು' ಆಗಿ ಉಳಿಯುವುದಿಲ್ಲ, 'ಪೆರೋಲ್ ತಪ್ಪಿಸಿಕೊಂಡವರು' ಆಗುತ್ತಾರೆ. ಜೈಲಿನಿಂದ ಠಾಣೆಗೆ ಪತ್ರ ಹೋಗುತ್ತದೆ, ಪೊಲೀಸರು ಹುಡುಕಿ ಹಿಡಿಯುತ್ತಾರೆ. ಪ್ರತ್ಯೇಕ ಕ್ರಿಮಿನಲ್ ಕೇಸು ಬೀಳಬಹುದು. ಒಳ್ಳೆಯ ನಡತೆಗೆ ಸಿಕ್ಕ ಮಾಫಿ ದಿನಗಳು ಕಡಿತವಾಗಬಹುದು. ಮುಂದಿನ ಪೆರೋಲ್‌ಗೆ ಬಾಗಿಲು ಮುಚ್ಚಿದ ಹಾಗೇ. ಅವಧಿಪೂರ್ವ ಬಿಡುಗಡೆಯ ಸಮಿತಿಯ ಮುಂದೆ ಹೆಸರು ಬಂದಾಗ ಈ ಒಂದು ಸಾಲು ಕಡತದಲ್ಲಿ ಕೂತಿರುತ್ತದೆ.

ನಿಜವಾದ ಕಷ್ಟವೇ ಬಂದರೆ? ಕೊನೆಯ ದಿನವೇ ಅಪಘಾತವಾಯಿತು, ಆಸ್ಪತ್ರೆಗೆ ಸೇರಿಸಿದರು ಅಂದುಕೊಳ್ಳಿ. ಅದೇ ದಿನ ಠಾಣೆಗೂ ಜೈಲಿಗೂ ತಿಳಿಸಬೇಕು, ಲಿಖಿತವಾಗಿ. ಆಸ್ಪತ್ರೆಯ ಕಾಗದ ಜೋಪಾನ ಮಾಡಬೇಕು. ಡಿಸ್ಚಾರ್ಜ್ ಆದ ಕೂಡಲೇ ನೇರ ಜೈಲಿಗೆ ಹೋಗಬೇಕು. ಪೆರೋಲ್ ವಿಸ್ತರಣೆ ಬೇಕಿದ್ದರೆ ಅವಧಿ ಮುಗಿಯುವ ಮೊದಲೇ, ಒಂದು ವಾರವಾದರೂ ಇರುವಾಗ ಅರ್ಜಿ ಹಾಕಬೇಕು. ಅರ್ಜಿ ಹಾಕಿದ್ದೇನೆ, ಉತ್ತರ ಬಂದಿಲ್ಲ, ಹಾಗಾಗಿ ಮನೆಯಲ್ಲೇ ಇದ್ದೆ ಅನ್ನುವುದು ನಡೆಯುವುದಿಲ್ಲ. ಆದೇಶ ಕೈಗೆ ಬಾರದಿದ್ದರೆ ಹಳೆಯ ತಾರೀಖೇ ಗಟ್ಟಿ.

ಕೋವಿಡ್ ಕಾಲದಲ್ಲಿ ಇಂಥ ಗೊಂದಲಕ್ಕೆ ದೊಡ್ಡ ಅವಕಾಶ ಇತ್ತು. 2020ರ ಮಾರ್ಚ್‌ನಲ್ಲಿ ಜೈಲುಗಳಲ್ಲಿ ಸೋಂಕು ಹರಡದಿರಲಿ ಎಂದು, ಯಾರನ್ನು ಪೆರೋಲ್ ಅಥವಾ ಮಧ್ಯಂತರ ಜಾಮೀನಿನ ಮೇಲೆ ಬಿಡಬಹುದು ಎಂದು ನಿರ್ಧರಿಸಲು ಉನ್ನತಾಧಿಕಾರ ಸಮಿತಿ ಮಾಡಿ ಎಂದು ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತು. ತಿಂಗಳುಗಳು ಕಳೆದವು, ವರ್ಷಗಳು ಕಳೆದವು. ಅಷ್ಟು ದಿನ ಮನೆಯಲ್ಲಿದ್ದರೆ ಶಿಕ್ಷೆ ಮುಗಿದೇಹೋಯಿತು ಅನ್ನಿಸುವುದು ಸಹಜ. 2023ರ ಮಾರ್ಚ್‌ನಲ್ಲಿ ಅದೇ ಕೋರ್ಟ್, ಹಾಗೆ ಬಿಡುಗಡೆಯಾದವರೆಲ್ಲ 15 ದಿನದೊಳಗೆ ಶರಣಾಗಬೇಕು ಎಂದಿತು. ಮೂರು ವರ್ಷ ಮನೆಯಲ್ಲಿದ್ದರೂ ಶಿಕ್ಷೆ ಇದ್ದಲ್ಲೇ ಇತ್ತು.

ಅಕ್ಕಪಕ್ಕದವರು, ದೂರು ಕೊಟ್ಟವರು

ವಾಟ್ಸಾಪ್ ಗುಂಪಿನ ಪ್ರಶ್ನೆಗೂ ಉತ್ತರ ಹೇಳಬೇಕಲ್ವಾ. ಪೆರೋಲ್ ಮೇಲೆ ಬಂದವರು ಅಡ್ಡದಾರಿಯಲ್ಲಿ ಬಂದವರಲ್ಲ. ಅವರು ಬಂದಿರುವುದು ಸ್ಥಳೀಯ ಠಾಣೆಗೆ ಗೊತ್ತಿರುತ್ತದೆ. ಅವರ ಫೋಟೊ ತೆಗೆದು ಗುಂಪಿಗೆ ಹಾಕುವುದು, ಮಕ್ಕಳನ್ನು ಕೀಟಲೆ ಮಾಡುವುದು, ನೀರು ಬಿಡಬೇಡಿ, ಮನೆ ಖಾಲಿ ಮಾಡಿಸಿ ಎಂದು ಒತ್ತಡ ಹಾಕುವುದು ಇದಕ್ಕೆಲ್ಲ ಯಾವ ಕಾನೂನೂ ಅನುಮತಿ ಕೊಟ್ಟಿಲ್ಲ. ಬೆದರಿಕೆ, ಗಲಾಟೆ ಕಂಡರೆ 112ಕ್ಕೆ ಫೋನ್ ಮಾಡಿ. ಅಷ್ಟು ಸಾಕು.

ದೂರು ಕೊಟ್ಟ ಮನೆಯವರ ಸ್ಥಿತಿ ಬೇರೆ. ಅವರ ಭಯಕ್ಕೆ ಕಾರಣ ಇದೆ. ಪೆರೋಲ್‌ನಲ್ಲಿರುವವರು ಹತ್ತಿರ ಸುಳಿದರೆ, ಬೇರೆಯವರಿಂದ ರಾಜಿಗೆ ಹೇಳಿಸಿದರೆ, ಅದನ್ನು ತಾರೀಖು, ಹೊತ್ತು ಸಮೇತ ಬರೆದು ಠಾಣೆಗೆ ದೂರು ಕೊಟ್ಟು, ಒಂದು ಪ್ರತಿಯನ್ನು ಜೈಲು ಅಧೀಕ್ಷಕರಿಗೂ ಕಳಿಸಬಹುದು. ಪೆರೋಲ್ ಕೊಡುವ ಮೊದಲು ವಿಚಾರಣೆಗೆ ಬರುವ ಪೊಲೀಸರ ಹತ್ತಿರ ತಮ್ಮ ಆತಂಕ ಹೇಳಿಕೊಳ್ಳುವುದಕ್ಕೂ ಅವರು ಹಿಂಜರಿಯಬೇಕಿಲ್ಲ.

ವಾಪಸ್ ಹೋಗುವ ದಿನ

ಆ ಹುಡುಗನ ಹಾಳೆಯಲ್ಲಿ ಸಂಜೆ 5ರೊಳಗೆ ಎಂದಿತ್ತು. ನಮ್ಮ ಬೀದಿ ಇರುವುದು ಯಲಹಂಕದ ಕಡೆ. ಜೈಲು ಇರುವುದು ಊರಿನ ಇನ್ನೊಂದು ತುದಿ. ಮಧ್ಯಾಹ್ನ ಊಟ ಮಾಡಿ 3 ಗಂಟೆಗೆ ಹೊರಡೋಣ ಎಂದು ಮನೆಯವರ ಯೋಚನೆ. ಸಿಲ್ಕ್ ಬೋರ್ಡ್ ಹತ್ತಿರ ಸಿಕ್ಕಿಹಾಕಿಕೊಂಡರೆ ಕಾರಣ ಹೇಳಿ ಪ್ರಯೋಜನ ಇಲ್ಲ. 2025ರ ಆಗಸ್ಟ್‌ನಿಂದ ಮೆಟ್ರೊ ಹಳದಿ ಮಾರ್ಗ ಓಡುತ್ತಿದೆ. ಆರ್‌.ವಿ. ರೋಡ್‌ನಲ್ಲಿ ಬದಲಾಯಿಸಿ ಹೊಸ ರೋಡ್ ಸ್ಟೇಷನ್ನಿನಲ್ಲಿ ಇಳಿದರೆ ಅಲ್ಲಿಂದ ಆಟೊದಲ್ಲಿ ಹೋಗಬಹುದು. ಬೆಳಿಗ್ಗೆಯೇ ಹೊರಡಿ ಎಂದೆ.

ಹೊರಡುವ ಮೊದಲು ನೋಡಿಕೊಳ್ಳಬೇಕಾದ್ದು ಕೆಲವಿವೆ. ಮೂಲ ಆದೇಶ ಕೈಯಲ್ಲಿರಬೇಕು. ಅಪ್ಪನ ಚಿಕಿತ್ಸೆಯ ಚೀಟಿಗಳ ಜೆರಾಕ್ಸ್ ಇರಬೇಕು. ಯಾವ ಕಾರಣಕ್ಕೆ ಬಂದಿದ್ದೆವೋ ಅದೇ ಮಾಡಿದ್ದೇವೆ ಎಂದು ತೋರಿಸಲು ಅವು ಮುಂದಿನ ಸಲ ಬೇಕಾಗುತ್ತವೆ. ಮೊಬೈಲ್, ಸಿಮ್, ಬೀಡಿ, ಸಿಗರೇಟು ಯಾವುದೂ ಜೇಬಿನಲ್ಲಿ ಉಳಿದಿರಬಾರದು. ಗೇಟಿನಲ್ಲಿ ತಪಾಸಣೆ ಇರುತ್ತದೆ, ಜೈಲಿನೊಳಗೆ ಮೊಬೈಲ್ ಒಯ್ಯುವುದು ದೊಡ್ಡ ಅಪರಾಧ. ಮರೆತು ಉಳಿದದ್ದು ಎಂದು ಹೇಳಿದರೆ ಯಾರೂ ನಂಬುವುದಿಲ್ಲ.

ಅವರು 11 ಗಂಟೆಗೆ ಮನೆ ಬಿಟ್ಟರು. ಜೊತೆಗೆ ಅಣ್ಣ, ಸೋದರಮಾವ ಇಬ್ಬರೂ ಹೋಗಿದ್ದರು. 2 ಗಂಟೆ ಸುಮಾರಿಗೆ ಆ ಅಮ್ಮನ ಫೋನಿಗೆ ಒಂದು ಫೋಟೊ ಬಂತು. ಗೇಟಿನ ಹೊರಗಿನ ಮರದಡಿ ಮೂವರೂ ಕೂತು ಡಬ್ಬಿ ಬಿಚ್ಚಿ ಚಿತ್ರಾನ್ನ ತಿನ್ನುತ್ತಿದ್ದರು. ಆಮೇಲೆ ಅವನು ತನ್ನ ಫೋನನ್ನು ಅಣ್ಣನ ಕೈಗೆ ಕೊಟ್ಟು ಒಳಗೆ ಹೋದ. ಹೊತ್ತು 3 ಗಂಟೆ 10 ನಿಮಿಷ ಎಂದು ಸೋದರಮಾವ ತಮ್ಮ ಪ್ರತಿಯ ಹಿಂದೆ ಬರೆದುಕೊಂಡರು.